ಬೆಂಕಿಗೂ ಒಂದು ಸ್ವಯಂ ಘೋಷಣಾ ಪತ್ರ

ಶಾಲೆ ಸುರಕ್ಷಿತವಾಗಿದೆಯೇ ಎಂದು ಶಾಲೆಯನ್ನೇ ಕೇಳಿದರೆ ಸಾಕು, ಬೇರೆ ಯಾರೂ ಬಂದು ನೋಡಬೇಕಾಗಿಲ್ಲ. ಮಾನ್ಯತೆ ನವೀಕರಣದ ಕಾಲ ಬಂದಾಗಲೆಲ್ಲ ಶಾಲಾ ಆಡಳಿತ ಮಂಡಳಿಗಳ ಸಂಘಗಳಿಂದ ಏಳುವ ಬೇಡಿಕೆ ಇದು. ಲೋಕೋಪಯೋಗಿ ಇಲಾಖೆಯಿಂದ ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯಿಂದ ಎನ್‌ಒಸಿ, ನೀರಿನ ಪರೀಕ್ಷಾ ವರದಿ, ವಾಹನದ ಎಫ್‌ಸಿ, ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್, ಮಕ್ಕಳ ರಕ್ಷಣಾ ಸಮಿತಿಯ ನಡಾವಳಿ. ಇಷ್ಟನ್ನೂ ಹೊಂದಿಸುವಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬಿ.ಪಿ. ಬರುತ್ತದೆ. ಮಕ್ಕಳ ಆರೋಗ್ಯಕ್ಕಾಗಿ ದೊಡ್ಡವರ ಆರೋಗ್ಯ ಕೆಡಿಸುವ ನಿಯಮಗಳು ಯಾರಿಗೆ ಬೇಕು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ನಿಯಂತ್ರಣ ಹಗುರವಾಗಿಯೂ ಬಿಗಿಯಾಗಿಯೂ ಇರಬೇಕು ಎಂದಿದೆ, ಶಾಲೆಗಳು ತಮ್ಮ ವಿವರವನ್ನು ತಾವೇ ಬಹಿರಂಗಪಡಿಸಲಿ ಎಂದಿದೆ. ಹಗುರ ಮಾಡುವುದಕ್ಕೆ ಖರ್ಚಿಲ್ಲ, ಬಿಗಿ ಮಾಡುವುದಕ್ಕೆ ಹುದ್ದೆ ತುಂಬಬೇಕು. ಆದ್ದರಿಂದ ಮೊದಲು ಹಗುರ.

ಈ ಬೇಡಿಕೆಗೆ ನಮ್ಮ ಪೂರ್ಣ ಬೆಂಬಲವಿದೆ. ಆದರೆ ಅರೆಬರೆ ಸಡಿಲಿಕೆಯಿಂದ ಗೊಂದಲವೇ ಹೆಚ್ಚು. ಎಲ್ಲಿ ಎಷ್ಟು ಸಡಿಲಿಸಬೇಕು, ಸಡಿಲಿಸಿದಾಗ ಏನಾಗುತ್ತದೆ ಎಂಬುದನ್ನು ತಾಂತ್ರಿಕವಾಗಿ ವಿವರಿಸುವ ಕೈಪಿಡಿ ಇದುವರೆಗೆ ಬಂದಿಲ್ಲ. ಆ ಕೊರತೆ ನೀಗಿಸುವುದಷ್ಟೇ ಇಲ್ಲಿನ ಉದ್ದೇಶ.

ಮೊದಲು ಬೆಂಕಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿ ಹೊದಿಸಿದ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ದುರಂತದ ನಂತರ ಸಲ್ಲಿಕೆಯಾದ ಅರ್ಜಿಯೊಂದರ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮ ಪಾಲಿಸದ ಶಾಲೆಗೆ ಮಾನ್ಯತೆ ಕೊಡಬಾರದು, ಬೆಂಕಿ ನಂದಿಸುವ ಸಾಧನ ಇರಬೇಕು, ಶಿಕ್ಷಕರಿಗೆ ಅದನ್ನು ಬಳಸಲು ಬರಬೇಕು ಎಂದು ಹೇಳಿತು. ಸಂಹಿತೆಯ ಪ್ರಕಾರ ಶಾಲೆಯ ಮೆಟ್ಟಿಲು ಕನಿಷ್ಠ ಒಂದೂವರೆ ಮೀಟರ್ ಅಗಲವಿರಬೇಕು. ಅಷ್ಟಗಲದ ಮೆಟ್ಟಿಲು ಬಹಳ ಕಟ್ಟಡಗಳಲ್ಲಿ ಇದೆ, ಇಲ್ಲವೆಂದಲ್ಲ. ಅದರಲ್ಲಿ ಅರ್ಧ ಮೀಟರಿನಲ್ಲಿ ಮುರಿದ ಬೆಂಚುಗಳಿರುತ್ತವೆ, ತಿರುವಿನಲ್ಲಿ ಹಳೆಯ ಉತ್ತರ ಪತ್ರಿಕೆಗಳ ಮೂಟೆಗಳಿರುತ್ತವೆ. ಎರಡನೆಯ ಗೇಟಿಗೆ ಬೀಗ ಇರುತ್ತದೆ, ಯಾಕೆಂದರೆ ಅದು ತೆರೆದಿದ್ದರೆ ಮಕ್ಕಳು ಪೆಟ್ಟಿಗೆ ಅಂಗಡಿಗೆ ಓಡುತ್ತಾರೆ. ಬೀಗದ ಕೈ ಜವಾನರ ಜೇಬಿನಲ್ಲಿ, ಜವಾನರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ, ಸುರಕ್ಷತಾ ಪ್ರಮಾಣಪತ್ರದ ಫೈಲು ಹಿಡಿದುಕೊಂಡು.

ಈಗ ಗೋಡೆಯ ಮೇಲಿನ ಕೆಂಪು ಸಿಲಿಂಡರಿಗೆ ಬರೋಣ. ಇದರ ಕೊರಳಲ್ಲೊಂದು ಪುಟ್ಟ ಗೇಜು ಇರುತ್ತದೆ. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒಳಗೆ ಒತ್ತಡ ಇದೆ ಎಂದರ್ಥ, ಕೆಂಪಿಗೆ ಇಳಿದಿದ್ದರೆ ನೈಟ್ರೋಜನ್ ಸೋರಿದೆ, ಹಿಡಿ ಒತ್ತಿದರೆ ಪುಡಿ ಬೆಂಕಿಯವರೆಗೆ ಹೋಗದೆ ಕಾಲ ಬಳಿಯೇ ಉದುರುತ್ತದೆ. ಮುಳ್ಳು ಹಸಿರಿನಲ್ಲಿದ್ದರೂ ನೆಮ್ಮದಿಪಡುವಂತಿಲ್ಲ. ವರ್ಷಗಟ್ಟಲೆ ಅಲುಗಾಡದ ಪುಡಿ ತಳದಲ್ಲಿ ಗಟ್ಟಿ ಕೂರುತ್ತದೆ. ಅದಕ್ಕೇ ಆಗಾಗ ಕೆಳಗಿಳಿಸಿ, ತಲೆಕೆಳಗು ಮಾಡಿ ಅಲುಗಿಸಬೇಕು. ಪಿನ್ನಿಗೆ ಕಟ್ಟಿದ ಪ್ಲಾಸ್ಟಿಕ್ ಸೀಲು ಹರಿದಿದ್ದರೆ ಯಾರೋ ಒಮ್ಮೆ ಒತ್ತಿ ನೋಡಿದ್ದಾರೆ. ಕ್ಷಣಕಾಲ ಒತ್ತಿದ್ದರೂ ವಾಲ್ವಿನ ಸಂದಿಯಲ್ಲಿ ಪುಡಿ ಸಿಕ್ಕಿ ಉಳಿದ ಒತ್ತಡ ದಿನೇದಿನೇ ಸೋರಿಹೋಗುತ್ತದೆ, ರೀಫಿಲ್ ಮಾಡಿಸದೆ ವಿಧಿಯಿಲ್ಲ. ಎಲ್ಲ ಸರಿಯಿದ್ದರೂ ಆರು ಕೆ.ಜಿ.ಯ ಸಿಲಿಂಡರು ಓಡುವುದು ಹತ್ತಿಪ್ಪತ್ತು ಸೆಕೆಂಡು. ಅಷ್ಟರೊಳಗೆ ಪಿನ್ ಎಳೆದು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆ ಕಡೆಯಿಂದ ಈ ಕಡೆಗೆ ಬೀಸಬೇಕು. ಪಿನ್ ಎಳೆಯದೆ ಹಿಡಿಯನ್ನೇ ಒತ್ತುತ್ತಾ ನಿಲ್ಲುವುದು ತರಬೇತಿ ಇಲ್ಲದವರು ಮಾಡುವ ಮೊದಲ ಕೆಲಸ.

ಇಷ್ಟೆಲ್ಲ ತಲೆನೋವು ತಪಾಸಣೆ ಎಂಬುದು ಇರುವುದರಿಂದ ಬಂದದ್ದು. ಸ್ವಯಂ ಘೋಷಣೆಯಲ್ಲಿ ಎಷ್ಟು ಸಲೀಸು ನೋಡಿ: ಸಿಲಿಂಡರಿನ ಬಣ್ಣ ಕೆಂಪು, ಮುಳ್ಳಿನ ಕೆಳಗಿನ ಬಣ್ಣವೂ ಕೆಂಪು, ಎರಡೂ ಹೊಂದಾಣಿಕೆಯಾಗಿವೆ. ಸಿಲಿಂಡರು ಕಳುವಾಗದಿರಲೆಂದು ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿಟ್ಟಿರುವುದನ್ನು ‘ಸುರಕ್ಷಿತ ಸ್ಥಳದಲ್ಲಿ ಇರಿಸಲಾಗಿದೆ’ ಎಂದು ಬರೆದರೆ ಸುಳ್ಳೂ ಆಗುವುದಿಲ್ಲ. ಅಣಕು ಪ್ರದರ್ಶನಕ್ಕೂ ಇದೇ ದಾರಿ. ಮೊದಲು ಇಡೀ ಶಾಲೆಯನ್ನು ಗಂಟೆ ಹೊಡೆದು ಹೊರಗಿಳಿಸಿ, ಮೈದಾನದಲ್ಲಿ ತರಗತಿವಾರು ತಲೆ ಎಣಿಸಿ, ಎಷ್ಟು ನಿಮಿಷ ಹಿಡಿಯಿತು, ಯಾವ ತಿರುವಿನಲ್ಲಿ ನೂಕುನುಗ್ಗಲಾಯಿತು ಎಂದು ಬರೆದಿಡಬೇಕಿತ್ತು. ಈಗ ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಜಿಪಿಎಸ್ ಕ್ಯಾಮೆರಾದಲ್ಲಿ ಅಕ್ಷಾಂಶ ರೇಖಾಂಶ ಬರುವಂತೆ ಫೋಟೊ ಹೊಡೆದು ಸುತ್ತಲಿನ ಶಾಲೆಗಳ ಕೂಟವಾದ ಕ್ಲಸ್ಟರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು. ಶಾಲೆ ಭೂಮಿಯ ಮೇಲೆ ಎಲ್ಲಿದೆ ಎಂಬುದಂತೂ ಇದರಿಂದ ನಿಖರವಾಗಿ ಗೊತ್ತಾಗುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಎರಡು ಕೊಠಡಿಯ, ಮಹಡಿಯಿಲ್ಲದ, ಬಾಗಿಲು ತೆರೆದರೆ ಬಯಲು ಕಾಣುವ ಶಾಲೆಗೂ ನಾಲ್ಕಂತಸ್ತಿನ ಶಾಲೆಗೂ ಒಂದೇ ಅರ್ಜಿ, ಒಂದೇ ಅಲೆದಾಟ ಎಂಬ ದೂರಿನಲ್ಲಿ ಹುರುಳಿದೆ. ಒಂದು ಸಹಿಗೆ ಎಷ್ಟು ಸಲ ಓಡಾಡಿಸುತ್ತಾರೆ, ಆ ಸಹಿ ಕೊನೆಗೆ ಹೇಗೆ ಬೀಳುತ್ತದೆ ಎಂಬುದು ಗುಟ್ಟೇನಲ್ಲ. ಆದರೆ ಸಹಿಗೆ ದುಡ್ಡು ಕೇಳುವವರನ್ನು ತೆಗೆಯಿರಿ ಎಂದು ಕೇಳುವ ಬದಲು ಸಹಿಯನ್ನೇ ತೆಗೆಯಿರಿ ಎಂದು ಕೇಳುತ್ತಾರಲ್ಲ, ಆ ಜಾಣತನಕ್ಕೆ ಕೈಮುಗಿಯಬೇಕು.

ಕಟ್ಟಡದ ವಿಷಯ ಇನ್ನೂ ಸುಲಭ. ಚಾವಣಿ ಸೋರಿದಾಗ ನೀರು ಕಾಂಕ್ರೀಟಿನೊಳಗಿನ ಕಂಬಿಗೆ ಇಳಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ತನ್ನ ಕೆಳಗಿನ ಕಾಂಕ್ರೀಟನ್ನು ಒದ್ದು ಬಿಡಿಸುತ್ತದೆ. ಮೊದಲು ಕಂಬಿಯ ಗುಂಟ ನೇರ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ತಟ್ಟಿದರೆ ಟೊಳ್ಳು ಸದ್ದು, ಕೊನೆಗೆ ಹಾಜರಿ ಕೂಗುತ್ತಿರುವಾಗ ಬೆಂಚಿನ ಮೇಲೊಂದು ಚಕ್ಕೆ. ಕೋಲಿನ ತುದಿಯಿಂದ ಚಾವಣಿಯನ್ನು ತಟ್ಟುತ್ತಾ ಹೋದರೆ ಯಾರಿಗಾದರೂ ಕೇಳಿಸುತ್ತದೆ, ಎಂಜಿನಿಯರೇ ಬೇಕೆಂದಿಲ್ಲ. ಪ್ರಮಾಣಪತ್ರ ಕೊಡಲು ಮಾತ್ರ ಎಂಜಿನಿಯರು ಬೇಕು, ಅದಕ್ಕೇ ಅದನ್ನು ಕೈಬಿಡಬೇಕೆನ್ನುವುದು. ಅದರ ಜಾಗದಲ್ಲಿ ಸುಣ್ಣ ಬರಲಿ. ಎರಡು ಕೋಟು ಬಳಿದರೆ ಬಿರುಕೂ ಇಲ್ಲ, ಕಂದು ಕಲೆಯೂ ಇಲ್ಲ, ಫೋಟೊ ಅಚ್ಚುಕಟ್ಟು. ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ 2025ರ ಜುಲೈ 25ರ ಬೆಳಿಗ್ಗೆ ಸರ್ಕಾರಿ ಶಾಲೆ ಕುಸಿದು 7 ಮಕ್ಕಳು ಸತ್ತ ಮೇಲೆ ದೇಶದ ಎಲ್ಲ ಶಾಲೆಗಳ ಸುರಕ್ಷತಾ ಆಡಿಟ್ ಮಾಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು. ಆಡಿಟ್ ಎಂದರೆ ಬೇರೆಯವರು ಬಂದು ನೋಡುವುದು ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಹಳೆಯ ಅಭ್ಯಾಸ.

ಬಿಸಿಯೂಟದಲ್ಲಿ ನಿಯಮಗಳು ಗ್ರಾಂ ಲೆಕ್ಕದಲ್ಲಿವೆ. ಪ್ರಾಥಮಿಕ ತರಗತಿಯ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಆಗಬೇಕು. ಧಾನ್ಯ ಬಿಟ್ಟು ಉಳಿದದ್ದಕ್ಕೆ 2025ರ ಮೇ ತಿಂಗಳಿಂದ ಕೇಂದ್ರ ನಿಗದಿಮಾಡಿದ ದರ ಪ್ರಾಥಮಿಕ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಈ ಹಣದಲ್ಲಿ 50 ಗ್ರಾಂ ತರಕಾರಿ ಹೇಗೆ ಬರುತ್ತದೆ ಎಂದು ಕೇಳುವವರು ಬಿಸಿಯೂಟದ ಸಾರನ್ನು ನೋಡಿಲ್ಲ. ಅದು ತಿಳಿಯಾಗಿರುವುದು ಪಾರದರ್ಶಕ ಆಡಳಿತದ ಭಾಗ.

ಮೊಟ್ಟೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮ. ನಮ್ಮ ರಾಜ್ಯದಲ್ಲಿ ಒಂದು ಮೊಟ್ಟೆಗೆ 6 ರೂಪಾಯಿ ಇಟ್ಟು ಅದನ್ನು ಹೀಗೆ ಹಂಚಿದ್ದರು: ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯುವ ಕೂಲಿ 30 ಪೈಸೆ. ಸಿಪ್ಪೆ ಸುಲಿಯುವುದಕ್ಕೂ ದರ ಕಟ್ಟಿದ ಆಡಳಿತ ಅಂಗಡಿಯಲ್ಲಿ ಮೊಟ್ಟೆ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸುವುದನ್ನು ಮರೆತರೆ ಅದು ಕೆಲಸದೊತ್ತಡ. ಪೇಟೆ ದರ ಏರಿದ ದಿನ ಮೇಲಿನ ವ್ಯತ್ಯಾಸ ಯಾರ ಜೇಬಿಂದ? ಇನ್ನೂರು ಮಕ್ಕಳ ಶಾಲೆಯಲ್ಲಿ ಮೊಟ್ಟೆಗೊಂದು ರೂಪಾಯಿ ಕಡಿಮೆಬಿದ್ದರೆ ದಿನಕ್ಕೆ ಇನ್ನೂರು ರೂಪಾಯಿ. ಒಂದೋ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕು, ಇಲ್ಲವೇ ಸಣ್ಣ ಮೊಟ್ಟೆ ಹುಡುಕಬೇಕು, ಅದೂ ಇಲ್ಲವೆಂದರೆ ಇನ್ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳು ಆ ದಿನ ಬಾಳೆಹಣ್ಣು ಇಷ್ಟಪಟ್ಟರು ಎಂದು ರಿಜಿಸ್ಟರಿನಲ್ಲಿ ಕಾಣಿಸಬೇಕು. ಮಕ್ಕಳ ಅಭಿರುಚಿ ಪೇಟೆ ಧಾರಣೆಗೆ ಸರಿಯಾಗಿ ಬದಲಾಗುವುದು ಪೌಷ್ಟಿಕತೆಯ ಕ್ಷೇತ್ರದಲ್ಲೊಂದು ಅದ್ಭುತ.

ಹಾಲಿನ ಪುಡಿಯಲ್ಲೂ ಇಂಥದೇ ಗಣಿತ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಅಳತೆ 18 ಗ್ರಾಂ ಕೆನೆಭರಿತ ಪುಡಿಯಿಂದ 150 ಮಿ.ಲೀ. ಹಾಲು. ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಕಲಸಿಕೊಂಡು ಆಮೇಲೆ ಕುದಿಯುವ ನೀರಿಗೆ ಸೇರಿಸಬೇಕು. ಹಾಗಲ್ಲದೆ ಕುದಿಯುವ ನೀರಿಗೇ ಸುರಿದರೆ ಗಂಟು ಕಟ್ಟುತ್ತದೆ, ಗಂಟು ತಳ ಹಿಡಿಯುತ್ತದೆ, ಸೀದ ವಾಸನೆಗೆ ಮಕ್ಕಳು ಲೋಟ ಚೆಲ್ಲುತ್ತಾರೆ. ಸಡಿಲಿಕೆಯಲ್ಲಿ 18 ಗ್ರಾಂ ಎಂಬುದನ್ನು ‘ಗರಿಷ್ಠ 18 ಗ್ರಾಂ’ ಎಂದು ತಿದ್ದಿದರೆ ಸಾಕು, ಗಂಟಿನ ಸಮಸ್ಯೆ ತಾನಾಗಿ ಕರಗುತ್ತದೆ.

ಇನ್ನು ರುಚಿ ನೋಡುವ ನಿಯಮ. ಮಕ್ಕಳಿಗೆ ಬಡಿಸುವ ಮುನ್ನ ದೊಡ್ಡವರು, ಅವರಲ್ಲಿ ಒಬ್ಬರಾದರೂ ಶಿಕ್ಷಕರು, ಉಂಡು ನೋಡಿ ರಿಜಿಸ್ಟರಿಗೆ ಸಹಿ ಹಾಕಬೇಕು. 2013ರ ಜುಲೈ 16ರಂದು, ಕುಂಭಕೋಣಂ ದುರಂತವಾಗಿ ಸರಿಯಾಗಿ ಒಂಬತ್ತು ವರ್ಷಕ್ಕೆ, ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಶಾಲೆಯಲ್ಲಿ ಮೋನೊಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿದ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ಸತ್ತಿದ್ದರು. ರುಚಿ ರಿಜಿಸ್ಟರಿನ ಹಿಂದೆ ಇಂಥ ಹಳ್ಳಿಗಳಿವೆ. ನಮ್ಮಲ್ಲಿ ಆ ರಿಜಿಸ್ಟರನ್ನು ತಿಂಗಳ ಕೊನೆಯ ಶನಿವಾರ ಒಂದೇ ಪೆನ್ನಿನಲ್ಲಿ, ಒಂದೇ ಏಟಿಗೆ ಬರೆಯುವ ಪದ್ಧತಿ ಬೆಳೆದಿದೆ. ‘ರುಚಿಯಾಗಿತ್ತು’ ಎಂಬ ಮಾತು ಇಪ್ಪತ್ನಾಲ್ಕು ಸಲ. ಭಾನುವಾರದ ಎದುರಿಗೂ ಒಮ್ಮೊಮ್ಮೆ. ಇಷ್ಟು ಕಷ್ಟಪಟ್ಟು ಬರೆಯುವ ಬದಲು ವರ್ಷಕ್ಕೊಮ್ಮೆ ‘ಈ ಸಾಲಿನಲ್ಲಿ ಎಲ್ಲವೂ ರುಚಿಯಾಗಿರುತ್ತದೆ’ ಎಂದು ಜೂನ್ ತಿಂಗಳಲ್ಲೇ ಘೋಷಿಸಲು ಅವಕಾಶ ಕೊಡುವುದು ಮಾನವೀಯ.

ಮಾತ್ರೆಗಳಲ್ಲಿ ತಪ್ಪುವುದು ಬಹುಪಾಲು ಹೊತ್ತು. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಅದರಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಚಿಕ್ಕವರಿಗೆ ಗುಲಾಬಿ, 45 ಮಿ.ಗ್ರಾಂ. ಊಟವಾದ ಮೇಲೆ, ಶಿಕ್ಷಕರ ಕಣ್ಣೆದುರೇ ನುಂಗಿಸಬೇಕು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಹಂಚಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಖಾಲಿ ಹೊಟ್ಟೆಗೆ ಬಿದ್ದ ಕಬ್ಬಿಣ ಸುಮ್ಮನಿರುವುದಿಲ್ಲ. ಒಂದು ಮಗು ವಾಂತಿ ಮಾಡುತ್ತದೆ, ಅದನ್ನು ಕಂಡು ಇನ್ನೂ ಹತ್ತು ಮಕ್ಕಳು ಹೊಟ್ಟೆ ಹಿಡಿದು ಕೂರುತ್ತಾರೆ, ಗೇಟಿನ ಬಳಿ ಪೋಷಕರು, ಆಂಬುಲೆನ್ಸು, ಮೈಕು. ಮುಂದಿನ ಸೋಮವಾರದಿಂದ ಮಾತ್ರೆ ಬೀರುವಿನಲ್ಲಿ, ಟಿಕ್ ಗುರುತು ರಿಜಿಸ್ಟರಿನಲ್ಲಿ. ಜಂತುಹುಳುವಿನ ಅಲ್ಬೆಂಡಜೋಲ್ 400 ಮಿ.ಗ್ರಾಂ. ಮಾತ್ರೆಯನ್ನು ಅಗಿದು ನುಂಗಬೇಕು, ಜ್ವರ ಬಂದ ಮಗುವಿಗೆ ಆ ದಿನ ಕೊಡಬಾರದು. ಇವೆರಡನ್ನೂ ವಿಚಾರಿಸದೆ ಕೊಡುವುದಾದರೆ ಎಷ್ಟು ಸಮಯ ಉಳಿಯುತ್ತದೆಂದು ಯಾರೂ ಲೆಕ್ಕ ಹಾಕಿಲ್ಲ.

ಕಣ್ಣಿನ ತಪಾಸಣೆಯಲ್ಲಂತೂ ಸಡಿಲಿಕೆ ಆಗಲೇ ಜಾರಿಯಲ್ಲಿದೆ. ಅಕ್ಷರದ ಪಟ್ಟಿಯಿಂದ ಮಗು ಆರು ಮೀಟರ್ ದೂರ ನಿಲ್ಲಬೇಕು. ಆಫೀಸು ಕೋಣೆಯ ಉದ್ದ ಮೂರು ಮೀಟರ್. ಮೂರು ಮೀಟರಿನಿಂದ ಕೆಳಗಿನ ಸಾಲು ಓದಿದ ಮಗುವಿನ ದೃಷ್ಟಿ ನಿಜಕ್ಕೂ 6/12 ಇರಬಹುದು, ಕಾರ್ಡಿನಲ್ಲಿ ಬೀಳುವುದು 6/6, ಅಂದರೆ ಸರಿಯಾದ ದೃಷ್ಟಿ. ಆ ಮಗು ಆಮೇಲೆ ಕರಿಹಲಗೆ ನೋಡಿ ತಪ್ಪು ಬರೆದರೆ ಅದು ಕಲಿಕಾ ನ್ಯೂನತೆ, ಅದಕ್ಕೆ ಬೇರೆ ಕಾರ್ಯಕ್ರಮವಿದೆ, ಬೇರೆ ರಿಜಿಸ್ಟರಿದೆ. ಕೋಣೆ ಚಿಕ್ಕದಾದರೆ ಪಟ್ಟಿಯನ್ನು ವರಾಂಡಕ್ಕೆ ಒಯ್ಯಬಹುದಿತ್ತು ಎಂಬ ಸಲಹೆ ಬಂದಿದೆ. ವರಾಂಡದಲ್ಲಿ ಫ್ಯಾನಿಲ್ಲ.

ಚೀಲದ ಬಗ್ಗೆ ಎರಡೇ ಮಾತು. ಒಂದು ಎರಡನೆಯ ತರಗತಿಗೆ ಎರಡು ಕೆ.ಜಿ. ಮೀರಬಾರದೆಂದು 2019ರಲ್ಲೇ ನಮ್ಮ ಸರ್ಕಾರ ಆದೇಶ ಮಾಡಿದೆ. ನೀರಿನ ಬಾಟಲಿ, ಊಟದ ಡಬ್ಬಿ, ಡೈರಿ, ಶಾಲೆಯೇ ಮಾರಿದ ದಪ್ಪ ಹೊದಿಕೆಯ ವರ್ಕ್‌ಬುಕ್ಕುಗಳು, ಇವನ್ನೆಲ್ಲ ಹೊರಗಿಟ್ಟು ತೂಗಿದರೆ ಯಾವ ಚೀಲವೂ ಆದೇಶ ಮೀರುವುದಿಲ್ಲ. ವಾಹನದಲ್ಲಿ ವೇಗ ನಿಯಂತ್ರಕ, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಜೊತೆಗೊಬ್ಬ ಸಹಾಯಕರು ಎಂಬ ನಿಯಮಗಳೂ ಇವೆ. ಪೆಟ್ಟಿಗೆ ಇರುತ್ತದೆ, ಒಳಗೆ ಚಾಲಕರ ಬೀಡಿ ಇರುತ್ತದೆ. ಆಟೊದಲ್ಲಿ ಮಕ್ಕಳು ಎಷ್ಟು ಎಂಬುದನ್ನು ಬಿಡಿ, ಹೊರಗೆ ನೇತಾಡುವ ಚೀಲಗಳನ್ನು ಎಣಿಸಿದರೆ ಗೊತ್ತಾಗುತ್ತದೆ.

ಮನಸ್ಸಿನ ಆರೋಗ್ಯಕ್ಕೆ ಈಚೆಗೆ ಬಂದ ನಿಯಮ ಎಲ್ಲರನ್ನೂ ಕಂಗೆಡಿಸಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗೆ ಅರ್ಹತೆಯುಳ್ಳ ಒಬ್ಬರಾದರೂ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಹೇಳಿದ್ದು 2025ರ ಜುಲೈ 25, ಪಿಪ್ಲೋದಿ ಶಾಲೆ ಕುಸಿದ ದಿನವೇ. ಇದಕ್ಕೆ ಮೂರು ಬಗೆಯ ಪರಿಹಾರ ಚಾಲ್ತಿಗೆ ಬರುವ ಲಕ್ಷಣವಿದೆ. ಕಿರಿಯ, ಹಿರಿಯ, ಪ್ರೌಢ ಎಂದು ಒಂದೇ ಕಟ್ಟಡದಲ್ಲಿ ತೊಂಬತ್ತೊಂಬತ್ತರ ಶಾಲೆಗಳನ್ನು ತೋರಿಸುವುದು ಒಂದು. ಚಿತ್ರಕಲಾ ಶಿಕ್ಷಕರ ಬಾಗಿಲಿಗೆ ‘ಆಪ್ತಸಮಾಲೋಚನಾ ಕೊಠಡಿ’ ಎಂಬ ಹಲಗೆ ಹೊಡೆಯುವುದು ಇನ್ನೊಂದು. ಮೂರನೆಯದು ಡಿ.ಇಡಿ.ಯಲ್ಲಿ ಮನೋವಿಜ್ಞಾನದ ಪತ್ರಿಕೆ ಪಾಸು ಮಾಡಿದವರೆಲ್ಲ ಅರ್ಹರು ಎಂದು ವ್ಯಾಖ್ಯಾನಿಸುವುದು. ಮೂರರಲ್ಲೂ ಮಗುವಿಗೆ ಅಳಲು ತೋಡಿಕೊಳ್ಳಲು ಸಿಗುವವರು ನಿನ್ನೆ ಅದನ್ನು ಬೆಂಚಿನ ಮೇಲೆ ನಿಲ್ಲಿಸಿದವರೇ.

ದೂರು ಪೆಟ್ಟಿಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಲೈಂಗಿಕ ಕಿರುಕುಳವಾಗಲಿ ಹೊಡೆತವಾಗಲಿ, ಮಗು ಹೆಸರಿಲ್ಲದೆ ಚೀಟಿ ಬರೆದು ಹಾಕಲಿ ಎಂದು ಇಡುವ ಪೆಟ್ಟಿಗೆ ಅದು. ಅದನ್ನು ಯಾರ ಕಣ್ಣಿಗೂ ಬೀಳದೆ ಮಗು ಕೈಚಾಚಬಹುದಾದ ಜಾಗದಲ್ಲಿ, ಶೌಚಾಲಯದ ದಾರಿಯಲ್ಲೋ ಗ್ರಂಥಾಲಯದ ಮೂಲೆಯಲ್ಲೋ, ಮೂರನೆಯ ತರಗತಿಯ ಮಗುವಿಗೆ ಎಟಕುವಷ್ಟು ಕೆಳಗೆ ಹಾಕಬೇಕು. ಅದರ ಬೀಗದ ಕೈ ಒಬ್ಬರ ಬಳಿಯೇ ಇರಬಾರದು, ಪೋಷಕರ ಪ್ರತಿನಿಧಿಯ ಎದುರು ಗೊತ್ತಾದ ದಿನ ತೆರೆಯಬೇಕು. ವಾಸ್ತವದಲ್ಲಿ ಅದು ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲ ಪಕ್ಕ, ಐದೂವರೆ ಅಡಿ ಎತ್ತರದಲ್ಲಿ, ಹೊಸ ಸಿಸಿ ಕ್ಯಾಮೆರಾದ ನೇರ ಕೆಳಗಿರುತ್ತದೆ. ಎರಡೂ ಸುರಕ್ಷತೆಗೇ ಹಾಕಿದ್ದು. ಹೀಗಾಗಿ ಪೆಟ್ಟಿಗೆ ಖಾಲಿ, ಪೆಟ್ಟಿಗೆ ಖಾಲಿಯಿರುವುದರಿಂದ ‘ದೂರುಗಳು ಶೂನ್ಯ’, ದೂರು ಶೂನ್ಯವಾಗಿರುವುದರಿಂದ ಸಮಿತಿಯ ಸಭೆಯೂ ಅನಗತ್ಯ. ಚೀಟಿಯೇನಾದರೂ ಬಂದೇಬಿಟ್ಟರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೆಯ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು. ಇದೊಂದನ್ನು ರಾಜ್ಯದ ಸುತ್ತೋಲೆಯಿಂದ ಸಡಿಲಿಸಲಾಗದು. ಅದಕ್ಕೇ ಐದೂವರೆ ಅಡಿ.

ಇಷ್ಟಾದ ಮೇಲೂ ಎಲ್ಲಾದರೂ ಅವಘಡವಾದರೆ ನಡೆಯುವ ಕ್ರಮ ನಿಗದಿಯಾಗಿದೆ. ಮೊದಲ ದಿನ ಸಂತಾಪ ಮತ್ತು ಪರಿಹಾರದ ಮೊತ್ತ. ಮರುದಿನ ಮುಖ್ಯ ಶಿಕ್ಷಕರ ಅಮಾನತು. ವಾರದೊಳಗೆ ರಾಜ್ಯದ ಎಲ್ಲ ಶಾಲೆಗಳೂ ಮೂರು ದಿನದಲ್ಲಿ ವರದಿ ಕೊಡಬೇಕೆಂಬ ಸುತ್ತೋಲೆ, ಜೊತೆಗೊಂದು ಗೂಗಲ್ ಫಾರ್ಮ್. ಫಾರ್ಮಿನಲ್ಲಿ ‘ಹೌದು’ ಒತ್ತಿದರೆ ಮುಂದಿನ ಪುಟ ತೆರೆಯುತ್ತದೆ, ‘ಇಲ್ಲ’ ಒತ್ತಿದರೆ ಕಾರಣ ಬರೆಯಬೇಕು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಫೋನು ಮಾಡುತ್ತಾರೆ. ಸಂಜೆ ಐದರೊಳಗೆ ಇಡೀ ತಾಲ್ಲೂಕು ‘ಹೌದು’ ಆಗುತ್ತದೆ. ಆರು ತಿಂಗಳ ನಂತರ ನಿಯಮಗಳ ಹೊರೆ ಹೆಚ್ಚಾಯಿತೆಂದು ಸಂಘಗಳ ಮನವಿ, ಸಚಿವರ ಭರವಸೆ.

ಮುಂದಿನ ಮನವಿಗೆ ಉಪಯೋಗವಾಗಲೆಂದು ಘೋಷಣಾ ಪತ್ರದ ಕರಡೊಂದನ್ನು ಇಲ್ಲೇ ಕೊಟ್ಟಿದ್ದೇವೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು.

‘ನಮ್ಮ ಶಾಲೆಯ ಮೆಟ್ಟಿಲು ಅಗಲವಾಗಿದೆ, ಬೆಂಚುಗಳು ತಾತ್ಕಾಲಿಕ. ಗೇಟಿನ ಬೀಗದ ಕೈ ನಂಬಿಗಸ್ತರ ಬಳಿ ಇದೆ. ಚಾವಣಿಗೆ ಈ ವರ್ಷವೇ ಸುಣ್ಣವಾಗಿದೆ. ಸಾರು ರುಚಿಯಾಗಿರುತ್ತದೆ. ಮಾತ್ರೆಗಳೆಲ್ಲ ಹಂಚಿಕೆಯಾಗಿವೆ, ದಾಸ್ತಾನೂ ಪೂರ್ತಿ ಇದೆ. ಎಲ್ಲ ಮಕ್ಕಳ ದೃಷ್ಟಿ 6/6. ದೂರುಗಳು ಶೂನ್ಯ. ಮೇಲಿನ ಸಂಗತಿಗಳು ನಮಗೆ ತಿಳಿದಮಟ್ಟಿಗೆ ಸತ್ಯ, ಹೆಚ್ಚು ತಿಳಿದುಕೊಳ್ಳುವ ಪ್ರಯತ್ನವನ್ನು ನಾವು ಮಾಡಿರುವುದಿಲ್ಲ.

ಘೋಷಿಸಿದವರ ಸಹಿ:

ಸ್ಥಳಕ್ಕೆ ಬಂದು ಪರಿಶೀಲಿಸಿದವರ ಸಹಿ: ಮೇಲಿನವರದೇ.’